ನಮ್ಮ ಇಟ್ಟಿಗೆ ಎಷ್ಟು ದೂರದ್ದು: ದೂರದ ಪತ್ರದಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ಹಸಿರು ಕಟ್ಟಡದ ಪ್ರಮಾಣಪತ್ರಕ್ಕಾಗಿ ನಮ್ಮ ಸಹಕಾರ ಸಂಘದಿಂದ ದೂರದ ಪತ್ರ (ಇಟ್ಟಿಗೆ ಎಷ್ಟು ದೂರದಿಂದ ಬಂತೆಂದು ತಿಳಿಸುವ ಪತ್ರ) ಪಡೆಯುವವರಿಗೆ ಈ ತಿಂಗಳಿನಿಂದ ಬೇರೆ ನಮೂನೆಯ ಪತ್ರ ಕೊಡುತ್ತೇವೆ. ಹಳೆಯದರಲ್ಲಿ ತಪ್ಪಿತ್ತು. ಆ ತಪ್ಪು ನಮ್ಮದೇ.

ಇಷ್ಟು ದಿನ ಮಂಡ್ಯದ ನಮ್ಮ ಅಂಗಳದಿಂದ ನಿಮ್ಮ ನಿವೇಶನಕ್ಕೆ ಎಷ್ಟು ಕಿಲೋಮೀಟರ್ ಎಂಬುದನ್ನು ಮಾತ್ರ ಬರೆಯುತ್ತಿದ್ದೆವು. ಮೈಸೂರಿನಲ್ಲಿ ಮನೆ ಕಟ್ಟುವವರ ಪತ್ರದಲ್ಲಿ 45 ಎಂದಿರುತ್ತಿತ್ತು. ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಹೊಗೆಯೊಂದಿಗೆ ಹಾರುವ ನುಣುಪು ಬೂದಿ) ಇಟ್ಟಿಗೆಯ ಮಟ್ಟಿಗೆ ಈ ಅಂಕಿ ಅರ್ಧ ಸತ್ಯ. ಇಟ್ಟಿಗೆ ಅಚ್ಚಾಗುವುದು ಇಲ್ಲಿ, ನಿಜ. ಬೂದಿ ಬರುವುದು ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಿಂದ. ನಕ್ಷೆಯ ಮೇಲೆ ನೇರ ಗೆರೆ ಎಳೆದರೂ ಅದು 400 ಕಿ.ಮೀ. ದಾಟುತ್ತದೆ. ಮೈಸೂರಿನ ವಾಸ್ತುಶಿಲ್ಪಿಯೊಬ್ಬರು ಕಡತ ಸಿದ್ಧಪಡಿಸುವಾಗ ‘ಬೂದಿ ಎಲ್ಲಿಯದು?’ ಎಂದು ಕೇಳಿದರು. ನಮ್ಮ ಪತ್ರದಲ್ಲಿ ಉತ್ತರ ಇರಲಿಲ್ಲ.

ಹಸಿರು ಕಟ್ಟಡಕ್ಕೆ ಪ್ರಮಾಣಪತ್ರ ಕೊಡುವ ಲೀಡ್ (LEED) ಮಾನದಂಡದ 2009ರ ಆವೃತ್ತಿಯಲ್ಲಿ ಸಾಮಗ್ರಿ ಸ್ಥಳೀಯ ಎನಿಸಲು ಮಿತಿ 500 ಮೈಲಿ, ಅಂದರೆ ಸುಮಾರು 800 ಕಿ.ಮೀ. ಆಗ ರಾಯಚೂರಿನ ಬೂದಿಯೂ ಒಳಗೇ ಇತ್ತು. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. 2013ರಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಸ್ಥಳೀಯ ಸಾಮಗ್ರಿಗೆ ಅಂಕದ ಲೆಕ್ಕದಲ್ಲಿ ಅದರ ಬೆಲೆಯ ಎರಡು ಪಟ್ಟು ಮೌಲ್ಯ ಸಿಗಬೇಕಾದರೆ ಅದನ್ನು ತೆಗೆದ ಜಾಗ, ತಯಾರಿಸಿದ ಜಾಗ, ಕೊಂಡ ಜಾಗ ಮೂರೂ ನಿವೇಶನದಿಂದ 100 ಮೈಲಿಯೊಳಗೆ, ಸುಮಾರು 160 ಕಿ.ಮೀ. ಒಳಗೆ ಇರಬೇಕು. ನಮ್ಮ ಪತ್ರ ನಂಬಿ ಹಾರುಬೂದಿ ಇಟ್ಟಿಗೆಗೆ ಆ ಮೌಲ್ಯ ಹಾಕಿಕೊಂಡವರ ಲೆಕ್ಕ ತಪ್ಪಿರುತ್ತದೆ. ಇದು ನಮಗೆ ನಿಜಕ್ಕೂ ನೋವಿನ ವಿಷಯ.

ಹೊಸ ಪತ್ರದಲ್ಲಿ ಬೂದಿ, ಜಲ್ಲಿಪುಡಿ, ಸಿಮೆಂಟ್ ಪ್ರತಿಯೊಂದರ ತೂಕದ ಪಾಲು ಮತ್ತು ಅದು ಹೊರಟ ಜಾಗ ಬೇರೆ ಬೇರೆಯಾಗಿ ಇರುತ್ತವೆ. 2009ರ ಆವೃತ್ತಿಯಲ್ಲಿ ವಸ್ತುವಿನ ಒಂದು ಭಾಗ ಮಾತ್ರ ಸ್ಥಳೀಯವಾದರೆ ತೂಕದಲ್ಲಿ ಆ ಭಾಗವಷ್ಟೇ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ತೂಕ ಬೇಕೇ ಬೇಕು. ದೂರವನ್ನು ಎರಡು ರೀತಿಯಲ್ಲಿ ಕೊಡುತ್ತೇವೆ. ಪ್ರಮಾಣಪತ್ರದ ತ್ರಿಜ್ಯ ಅಳೆಯಲು ನೇರ ದೂರ, ಲಾರಿ ಬಾಡಿಗೆಗೆ ರಸ್ತೆಯ ದೂರ. ಮಂಡ್ಯದಿಂದ ಮೈಸೂರಿಗೆ ರಸ್ತೆಯಲ್ಲಿ 45 ಆದರೆ ನೇರ ಗೆರೆಯಲ್ಲಿ ಸುಮಾರು 37 ಮಾತ್ರ. ಎರಡನ್ನೂ ಬೆರೆಸಿ ಬರೆಯುತ್ತಿದ್ದುದು ನಮ್ಮ ಇನ್ನೊಂದು ತಪ್ಪು. ಹಾಗೆಂದು ರಸ್ತೆಯ ದೂರವನ್ನು ಕಡೆಗಣಿಸುವಂತಿಲ್ಲ: ಡೀಸೆಲ್ ಸುಡುವುದು ರಸ್ತೆಯಲ್ಲೇ. 2009ರ ಆವೃತ್ತಿಯ ಪರ್ಯಾಯ ಲೆಕ್ಕದಲ್ಲಿ ರೈಲಿನ ದೂರವನ್ನು 3ರಿಂದ, ಸಮುದ್ರದ ದೂರವನ್ನು 15ರಿಂದ ಭಾಗಿಸಿ, ಲಾರಿಯ ದೂರವನ್ನು ಮಾತ್ರ ಪೂರ್ತಿ ಹಿಡಿದಿರುವುದೂ ಅದಕ್ಕೇ.

ಪ್ರಮಾಣಪತ್ರ ಬೇಡದವರಿಗೆ ಏನೂ ಬದಲಾಗುವುದಿಲ್ಲ. ದರವೂ ಅದೇ, ಬಾಡಿಗೆಯೂ ಅದೇ.

ಹಳೆಯ ಪತ್ರ ಇಟ್ಟುಕೊಂಡಿರುವವರು ಬಿಲ್ಲಿನೊಂದಿಗೆ ಅಂಗಳಕ್ಕೆ ಬನ್ನಿ, ಹೊಸದನ್ನು ಶುಲ್ಕವಿಲ್ಲದೆ ಬರೆದುಕೊಡುತ್ತೇವೆ. ಕಡತವನ್ನು ಈಗಾಗಲೇ ಸಲ್ಲಿಸಿದ್ದರೆ ಮೊದಲು ನಿಮ್ಮ ವಾಸ್ತುಶಿಲ್ಪಿಗೆ ತಿಳಿಸಿ. ಅವರು ಕೇಳುವ ವಿವರಣೆಯನ್ನು ಸಂಘದ ಮೊಹರಿನೊಂದಿಗೆ ನಾವೇ ಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
ಮಂಡ್ಯ