ಗರಿಗೆ 20 ರೂಪಾಯಿ

ಮಾನ್ಯ ಸಂಪಾದಕರೇ,

ನಗರದ ಶಾಲೆಯೊಂದರ ವಾರ್ಷಿಕೋತ್ಸವದ ಚಿತ್ರವನ್ನು ಕಳೆದ ವಾರ ನಿಮ್ಮ ಪತ್ರಿಕೆ ‘ಮನಸೂರೆಗೊಂಡ ಆದಿವಾಸಿ ನೃತ್ಯ’ ಎಂಬ ಅಡಿಬರಹದೊಂದಿಗೆ ಪ್ರಕಟಿಸಿತ್ತು. ಅದರಲ್ಲಿ ಎಡದಿಂದ ಮೂರನೆಯವಳು ನನ್ನ ಮೊಮ್ಮಗಳು. ಆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಅವಳ ಮುಖದ ಮಸಿ ಉಜ್ಜಿ ತೆಗೆದವನು ನಾನೇ. ಕಿವಿಯ ಹಿಂದಿನ ಕಪ್ಪು ಮೂರು ದಿನವಾದರೂ ಹೋಗಲಿಲ್ಲ.

ಅದು ಯಾವ ಆದಿವಾಸಿಗಳ ನೃತ್ಯ? ಸೊಂಟಕ್ಕೆ ಪ್ಲಾಸ್ಟಿಕ್ ಎಲೆ, ಕೈಯಲ್ಲಿ ರಟ್ಟಿನ ಈಟಿ, ಬಾಯಲ್ಲಿ ‘ಹುಯ್ಯಾ ಹುಯ್ಯಾ’, ತಲೆಯ ಮೇಲೆ ಗರಿಗಳ ಕಿರೀಟ. ಆ ಬಗೆಯ ಕಿರೀಟ ಉತ್ತರ ಅಮೆರಿಕದ ಬಯಲುಸೀಮೆಯ ಲಕೋಟ ಮೊದಲಾದ ಮೂಲನಿವಾಸಿಗಳದು. ಅವರಲ್ಲಿ ಒಂದೊಂದು ಹದ್ದಿನ ಗರಿಯನ್ನೂ ಸಾಹಸ ಮಾಡಿ, ತಮ್ಮ ಜನರ ಮನ್ನಣೆ ಪಡೆದು ಸಂಪಾದಿಸಬೇಕು. ನಮ್ಮಲ್ಲಿ ವೇಷಭೂಷಣದ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತದೆ. ಉದುರಿದ ಎರಡು ಗರಿಗೆ ಠೇವಣಿಯಲ್ಲಿ 40 ರೂಪಾಯಿ ಮುರಿದುಕೊಂಡರು.

ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಆದಿವಾಸಿ ಹಾಡಿಗಳಿಗೆ ಹೋಗಿ ನೋಡಿ. ಜೇನುಕುರುಬರಾಗಲಿ, ಬೆಟ್ಟಕುರುಬರಾಗಲಿ, ಯರವರಾಗಲಿ ಎಲೆ ಸುತ್ತಿಕೊಂಡು ಓಡಾಡುವುದಿಲ್ಲ. ನಿಮ್ಮ ನಮ್ಮ ಹಾಗೆಯೇ ಶರಟು, ಸೀರೆ ತೊಟ್ಟು ಪಡಿತರದ ಸರತಿಯಲ್ಲಿ ನಿಂತಿರುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಗೊರುಕನ ಹಾಡುಕುಣಿತ ಇದೆ. ನಮ್ಮ ಮಕ್ಕಳು ಕುಣಿದದ್ದು ಅದನ್ನೂ ಅಲ್ಲ. ಕದ್ದೆವು ಎನ್ನುವುದಕ್ಕೂ ಇಲ್ಲ. ಎಲ್ಲೂ ಇಲ್ಲದ್ದೊಂದನ್ನು ಕಟ್ಟಿ, ಅದಕ್ಕೆ ಅವರ ಹೆಸರು ಅಂಟಿಸಿದೆವು.

‘ಮಕ್ಕಳ ಖುಷಿಗೆ ಮಾಡಿಸಿದ್ದು ಸರ್, ದೊಡ್ಡದು ಮಾಡಬೇಡಿ’ ಎಂದರು ಶಿಕ್ಷಕಿ. ಅವರನ್ನು ದೂರುವ ಯೋಗ್ಯತೆ ನನಗಿಲ್ಲ. 1986ರಲ್ಲಿ ಮೇಷ್ಟರಾಗಿದ್ದ ನಾನೂ ಇದೇ ಕುಣಿತ ಮಾಡಿಸಿದ್ದೆ. ಬಣ್ಣಕ್ಕೆ ದುಡ್ಡಿಲ್ಲದೆ ಇದ್ದಿಲು ಅರೆದಿದ್ದೆ. ಹಾಡಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬ ಮುಂದಿನ ಸಾಲಿನಲ್ಲಿ ಕುಳಿತಿದ್ದ. ಹಿಂದಿನವರು ಅವನ ಬೆನ್ನು ತಿವಿದು ನಗುತ್ತಿದ್ದರು. ಮರುದಿನದಿಂದ ವೇದಿಕೆಯ ಆ ಕೂಗೇ ಅವನ ಅಡ್ಡಹೆಸರಾಯಿತು. ನಾನು ಅದನ್ನು ಕೇಳಿಸಿಕೊಂಡೂ ಸುಮ್ಮನಿದ್ದೆ.

ಕರಾವಳಿಯಲ್ಲಿ ಮಸಿ ಬಳಿದುಕೊಂಡು ಹಾಕುವ ‘ಕೊರಗ ವೇಷ’ವನ್ನು ಅಲ್ಲಿನ ಆದಿವಾಸಿಗಳಾದ ಕೊರಗರು ವಿರೋಧಿಸುತ್ತಲೇ ಬಂದಿದ್ದಾರೆ. ಅವರನ್ನು ಹೀನಾಯವಾಗಿ ಕಾಣುತ್ತಿದ್ದ ಅಜಲು ಪದ್ಧತಿಯ ನಿಷೇಧಕ್ಕೆ 2000ದಲ್ಲಿ ಕಾಯ್ದೆಯೇ ಬರಬೇಕಾಯಿತು.

ಜಂಬೂ ಸವಾರಿಯ ಆನೆಗಳೊಂದಿಗೆ ಬರುವ ಮಾವುತರು, ಕಾವಾಡಿಗಳಲ್ಲಿ ಅನೇಕರು ಜೇನುಕುರುಬರು. ಅವರ ಮಕ್ಕಳಿಗೆಂದು ಅರಮನೆ ಆವರಣದಲ್ಲಿ ಟೆಂಟ್ ಶಾಲೆ ನಡೆಯುತ್ತದೆ. ಆನೆಯ ಜೊತೆ ಫೋಟೊ ತೆಗೆಸಿಕೊಳ್ಳಲು ಊರಿಗೆ ಊರೇ ಅಲ್ಲಿಗೆ ಹೋಗುತ್ತದೆ (ನಾನೂ ಹೋಗಿದ್ದೇನೆ). ‘ನಿಮ್ಮದೊಂದು ಹಾಡು ನಮ್ಮ ಮಕ್ಕಳಿಗೆ ಕಲಿಸುತ್ತೀರಾ?’ ಎಂದು ಅವರನ್ನು ಕೇಳಿದ ಶಾಲೆ ಇದ್ದರೆ ಆ ಚಿತ್ರವನ್ನು ಮೊದಲ ಪುಟದಲ್ಲೇ ಹಾಕಿ. ಕಲಿಸಲು ಬಂದವರಿಗೆ ಬಸ್ ಚಾರ್ಜಿನ ಜೊತೆ ಸಂಭಾವನೆಯನ್ನೂ ಕೊಡಬೇಕು. ಯಾವುದು ವೇದಿಕೆಗೆ ಸಲ್ಲುತ್ತದೆ, ಯಾವುದು ದೇವರ ಮುಂದೆ ಮಾತ್ರ ಎಂಬುದನ್ನು ಅವರೇ ಹೇಳಬೇಕು. ಬೇಡ ಎಂದರೆ ಬಿಡಬೇಕು.

ನಿಮ್ಮಲ್ಲಿ ಒಂದು ವಿನಂತಿ. ಇಂಥ ಚಿತ್ರ ಬಂದಾಗ ‘ಇದು ಯಾವ ಸಮುದಾಯದ ಕುಣಿತ, ಕಲಿಸಿದವರು ಯಾರು’ ಎಂದು ನಿಮ್ಮ ವರದಿಗಾರರು ಒಂದು ಮಾತು ವಿಚಾರಿಸಲಿ. ಉತ್ತರ ಸಿಗದಿದ್ದರೆ ‘ಮಕ್ಕಳ ನೃತ್ಯ’ ಎಂದಷ್ಟೇ ಬರೆಯಲಿ.

— ನಿವೃತ್ತ ಶಿಕ್ಷಕ, ಕುವೆಂಪುನಗರ, ಮೈಸೂರು