ನಿಮ್ಮ ಭತ್ತ ಯಾಕೆ ನಿಂತುಕೊಂಡು ಬೀಳುತ್ತಿತ್ತು: ನಮ್ಮ ಸಿಮ್ಯುಲೇಶನ್‌ನಲ್ಲಿ ಒಂದು ಬದಲಾವಣೆ

ಪ್ರಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಖಿನಿಂದ ನಾವು ಮಾಡಿಕೊಡುವ ಸಿಮ್ಯುಲೇಶನ್‌ಗಳಲ್ಲಿ, ಅಂದರೆ ಕಾಳು ಹೇಗೆ ಬಿದ್ದು ಹರಿಯುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದರಲ್ಲಿ, ಕಾಳು ಹಾಪರ್‌ಗೆ (ಮೇಲೆ ತುಂಬಿ ಕೆಳಗಿನ ಬಾಯಿಯಿಂದ ಇಳಿಸುವ ತೊಟ್ಟಿಗೆ) ಬೀಳುವ ರೀತಿ ಬದಲಾಗುತ್ತದೆ. ಕಾಳಿನ ಗಾತ್ರ, ತೂಕ, ಒರಟುತನ ಎಲ್ಲ ಮೊದಲಿನಂತೆಯೇ ಇರುತ್ತದೆ. ಕಾಳು ಯಾವ ಕಡೆ ಮುಖ ಮಾಡಿ ಬೀಳುತ್ತದೆ ಅನ್ನುವುದು ಮಾತ್ರ ಬೇರೆ. ಇಷ್ಟಕ್ಕೆ ಒಂದು ಪತ್ರ ಬೇಕಾ ಅನ್ನಿಸಬಹುದು. ಬೇಕು, ಯಾಕೆಂದರೆ ಇದರ ಹಿಂದೆ ನಮ್ಮದೇ ಎರಡು ತಪ್ಪುಗಳಿವೆ.

ಶುರುವಾಗಿದ್ದು ಒಂದು ಫೋನಿನಿಂದ. ಗಂಗಾವತಿ ಕಡೆ ರೈಸ್‌ಮಿಲ್‌ಗಳಿಗೆ ಹಾಪರ್ ಮಾಡಿಕೊಡುವ ಗ್ರಾಹಕರೊಬ್ಬರಿಗೆ ರಿಪೋರ್ಟ್ ಜೊತೆ ವಿಡಿಯೋ ಕಳಿಸಿದ್ದೆವು. ಅವರು ನೋಡಿ ಫೋನ್ ಮಾಡಿದರು. "ಎಲ್ಲಾ ಚಲೋ ಐತ್ರಿ. ಆದ್ರ ನಿಮ್ಮ ಭತ್ತ ಯಾಕ್ರಿ ನಿಂತ್ಕೊಂಡು ಬೀಳ್ತೈತಿ?" ಅಂದರು. ನಾವು ನಕ್ಕು, ಕಂಪ್ಯೂಟರಿನಲ್ಲಿ ಹಾಗೇ ಕಾಣುತ್ತದೆ ಸರ್ ಅಂತ ಸುಮ್ನೆ ಏನೋ ಹೇಳಿದೆವು. ಅವರು ಬಿಡಲಿಲ್ಲ. ತಮ್ಮ ಶೆಡ್ಡಿನಲ್ಲಿ ಕಾಳು ಮೇಲೆತ್ತುವ ಎಲಿವೇಟರ್‌ನಿಂದ ಭತ್ತ ಸುರಿಯುವುದನ್ನು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ತೆಗೆದು ಕಳಿಸಿದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನಗು ನಿಂತಿತು. ಅವರ ವಿಡಿಯೋದಲ್ಲಿ ಹೆಚ್ಚಿನ ಕಾಳು ಅಡ್ಡಡ್ಡ ಬೀಳುತ್ತಿತ್ತು. ನಮ್ಮದರಲ್ಲಿ ಎಲ್ಲೆಲ್ಲೂ ನೆಟ್ಟಗೆ ನಿಂತ ಕಾಳುಗಳು, ಪರೇಡಿಗೆ ಬಂದ ಹಾಗೆ.

ಕಾಳು ಎತ್ತೆತ್ತಲೋ ತಿರುಗಿಕೊಂಡು ಬೀಳಲಿ ಅಂತಲೇ ನಾವು ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದಿದ್ದು. ಪ್ರತಿ ಕಾಳಿಗೂ ಮೂರು ಕೋನ. ಮೂರಕ್ಕೂ ಚೀಟಿ ಎತ್ತಿದ ಹಾಗೆ ಒಂದೊಂದು ಸಂಖ್ಯೆ. ಅದರಲ್ಲಿ ಒಂದು ಕೋನ ಕಾಳು ಎಷ್ಟು ವಾಲಿದೆ ಅನ್ನುವುದು: 0 ಅಂದರೆ ನೆಟ್ಟಗೆ, 90 ಅಂದರೆ ಪೂರ್ತಿ ಮಲಗಿದೆ, 180 ಅಂದರೆ ತಲೆಕೆಳಗು. 0 ಮತ್ತು 180ರ ನಡುವೆ ಎಲ್ಲ ಡಿಗ್ರಿಗೂ ಸಮನಾದ ಅವಕಾಶ ಕೊಟ್ಟಿದ್ದೆವು. ಕೇಳಲು ನ್ಯಾಯವಾಗಿಯೇ ಇದೆ, ಅಲ್ವಾ? ಎಡವಿದ್ದು ಅಲ್ಲೇ.

ಒಂದು ಮೂಸಂಬಿ ತೆಗೆದುಕೊಳ್ಳಿ. ನಾವೂ ಆಫೀಸಿನಲ್ಲಿ ಪೆನ್ನು ಹಿಡಿದು ಹೀಗೇ ಮಾಡಿದೆವು. ತೊಟ್ಟು ಮೇಲಿರಲಿ. ಹಣ್ಣಿನ ನಟ್ಟನಡುವಿನಿಂದ ಅಳೆದು, ತೊಟ್ಟಿನಿಂದ 30 ಡಿಗ್ರಿ ಕೆಳಗೆ ಒಂದು ವೃತ್ತ ಬರೆಯಿರಿ. ಒಂದು ಪುಟ್ಟ ಟೋಪಿ ಸಿಗುತ್ತದೆ. ಕೆಳಗಡೆಯೂ ಅಂಥದ್ದೇ ಇನ್ನೊಂದು. ಈಗ ನಡುವಿನ ಗೆರೆಯಿಂದ ಮೇಲೆ 30, ಕೆಳಗೆ 30 ಡಿಗ್ರಿಯ ಪಟ್ಟಿ ಬರೆಯಿರಿ. ಕಾಳಿನ ತುದಿ ಟೋಪಿಯ ಕಡೆ ತೋರಿಸಿದರೆ ಅದು ನಿಂತ ಕಾಳು. ಪಟ್ಟಿಯ ಕಡೆ ತೋರಿಸಿದರೆ ಮಲಗಿದ ಕಾಳು. ಎರಡು ಟೋಪಿ ಸೇರಿದರೂ ಸಿಪ್ಪೆಯ ಸುಮಾರು 13 ಪಾಲು ಮಾತ್ರ, ನೂರಕ್ಕೆ. ನಡುವಿನ ಪಟ್ಟಿ ಸರಿಯಾಗಿ 50. ನಾವು ಡಿಗ್ರಿ ಲೆಕ್ಕದಲ್ಲಿ ಹಂಚಿದ್ದರಿಂದ ಟೋಪಿಗಳಿಗೂ 33, ಪಟ್ಟಿಗೂ 33 ಕಾಳು ಹೋಗುತ್ತಿತ್ತು. ಅಂದರೆ ನೂರರಲ್ಲಿ 13 ಕಾಳು ನಿಲ್ಲಬೇಕಾದ ಕಡೆ 33 ನಿಲ್ಲುತ್ತಿದ್ದವು. ಮಲಗಲು ಸುತ್ತಲೂ ಬೇಕಾದಷ್ಟು ದಿಕ್ಕಿದೆ, ನೆಟ್ಟಗೆ ನಿಲ್ಲಲು ಇರುವುದು ಮೇಲೆ, ಕೆಳಗೆ ಎರಡೇ. ಇದನ್ನು ಹೇಳಿಕೊಡಲು ನಮಗೆ ಹಾಪರ್ ಮಾಡುವವರೇ ಬೇಕಾಯಿತು.

ಈಗ ಆ ಮೂರು ಕೋನಗಳನ್ನೇ ಬಿಟ್ಟಿದ್ದೇವೆ. ಅವುಗಳ ಜಾಗಕ್ಕೆ ಕ್ವಾಟರ್ನಿಯನ್ ಅನ್ನುವ ನಾಲ್ಕು ಅಂಕಿಗಳ ಗುಂಪು ಬಂದಿದೆ. ಐರ್ಲೆಂಡಿನ ಗಣಿತಜ್ಞ ಹ್ಯಾಮಿಲ್ಟನ್‌ಗೆ ಇದು ಹೊಳೆದದ್ದು 1843ರಲ್ಲಿ, ಡಬ್ಲಿನ್‌ನಲ್ಲಿ ಕಾಲುವೆ ದಂಡೆಯಲ್ಲಿ ನಡೆದು ಹೋಗುವಾಗ. ಮರೆತುಹೋದೀತು ಅಂತ ಸೇತುವೆಯ ಕಲ್ಲಿನ ಮೇಲೇ ಸೂತ್ರ ಕೆತ್ತಿದನಂತೆ. ನಮಗೆ ಬೇಕಾದ್ದು ಇಷ್ಟೇ: ಯಾವ ಗೂಟದ ಸುತ್ತ, ಎಷ್ಟು ಡಿಗ್ರಿ ತಿರುಗಿಸಬೇಕು ಅನ್ನುವುದನ್ನು ಅದು ಒಂದೇ ಏಟಿಗೆ ಹೇಳುತ್ತದೆ. ನಾವು ಲೆಕ್ಕಕ್ಕೆ ಬಳಸುವ ಲ್ಯಾಂಪ್ಸ್ ಸಾಫ್ಟ್‌ವೇರ್‌ನಲ್ಲಿ ಎಲ್ಲ ದಿಕ್ಕಿಗೂ ಸಮನಾಗಿ ತಿರುಗಿಸುವ ಆದೇಶ ಮೊದಲಿನಿಂದಲೂ ಇದೆ. ಅದನ್ನು ಬಿಟ್ಟು ಸ್ವಂತ ಸ್ಕ್ರಿಪ್ಟ್ ಬರೆದ ಜಾಣರು ನಾವು.

ಹಾಗೆ ಬದಲಾಯಿಸುವಾಗಲೇ ಎರಡನೇ ತಪ್ಪು ಸಿಕ್ಕಿತು. ಕೆಲವರಿಗೆ ಕಾಳು ಒಂದೇ ದಿಕ್ಕಿನಲ್ಲಿ ಬರಬೇಕು. ಬಣ್ಣ ನೋಡಿ ಕೆಟ್ಟ ಕಾಳು ಬೇರ್ಪಡಿಸುವ ಕಲರ್ ಸಾರ್ಟರ್‌ನ ಇಳಿಜಾರಿನಲ್ಲಿ ಅಕ್ಕಿ ಉದ್ದುದ್ದ ಜಾರುತ್ತದಲ್ಲ, ಹಾಗೆ. ಅಂಥ ಕೆಲಸಕ್ಕೆ ದಿಕ್ಕನ್ನು ಪೈಥಾನ್ ಪ್ರೋಗ್ರಾಂ ಭಾಷೆಯ ಸೈಪೈ ಅನ್ನುವ ಲೆಕ್ಕದ ಸಲಕರಣೆಯಲ್ಲಿ ಲೆಕ್ಕ ಹಾಕಿ ಲ್ಯಾಂಪ್ಸ್‌ಗೆ ಕೊಡುತ್ತಿದ್ದೆವು. ನಾಲ್ಕು ಅಂಕಿಗಳಲ್ಲಿ ತಿರುವಿನ ಅರ್ಧ ಕೋನದ ಕೊಸೈನ್ ಇರುವ ಅಂಕಿಯನ್ನು ಲ್ಯಾಂಪ್ಸ್ ಮೊದಲು ಇಡುತ್ತದೆ, ಸೈಪೈ ಕೊನೆಗೆ ಇಡುತ್ತದೆ. ನಾವು ಸಾಲನ್ನು ಹಾಗೇ ಎತ್ತಿ ಇಟ್ಟಿದ್ದೆವು.

ಹಾಗಾದರೆ ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ? ತಿರುಗಿಸದ ಕಾಳು ಸಾಲು ತಪ್ಪಿದರೂ ನೆಟ್ಟಗೇ ನಿಲ್ಲುತ್ತದೆ, ತನ್ನ ಸುತ್ತ ಅರ್ಧ ಸುತ್ತು ತಿರುಗಿರುತ್ತದೆ ಅಷ್ಟೇ. ವೈ ಅಕ್ಷದ (ಎಕ್ಸ್, ವೈ ಎರಡೂ ನೆಲಕ್ಕೆ ಸಮನಾಗಿ ಮಲಗಿದ ಗೂಟಗಳು) ಸುತ್ತ 90 ಡಿಗ್ರಿ ತಿರುಗಿಸಿದ ಕಾಳೂ ಸರಿಯಾದ ಕಡೆಗೇ ಮಲಗುತ್ತದೆ. ನಾವು ಪರೀಕ್ಷೆಗೆ ಇಟ್ಟುಕೊಂಡಿದ್ದು ಇವೆರಡನ್ನೇ! ಎಕ್ಸ್ ಅಕ್ಷದ ಸುತ್ತ 90 ಡಿಗ್ರಿ ತಿರುಗಿಸಿದಾಗ ಬಣ್ಣ ಬಯಲಾಯಿತು. ಮಲಗಬೇಕಿದ್ದ ಕಾಳು ನಿಂತಿತ್ತು. ಈಗ ಮೂರೂ ಅಕ್ಷಕ್ಕೆ, ಓರೆ ಕೋನಗಳಿಗೂ ಪರೀಕ್ಷೆ ಇದೆ. ಎತ್ತೆತ್ತಲೋ ತಿರುಗಿಕೊಂಡು ಬೀಳುವ ಕೆಲಸಗಳಿಗೆ ಈ ಎರಡನೇ ತಪ್ಪು ತಾಗಿಲ್ಲ.

ನಿಮ್ಮ ಹಳೇ ರಿಪೋರ್ಟ್ ಕಥೆ ಏನು? ಮೆಣಸು, ಬಟಾಣಿ, ಸಾಸಿವೆ, ಉಕ್ಕಿನ ಗುಂಡುಗಳಂಥ ದುಂಡಗಿನ ಸರಕಾದರೆ ಚಿಂತೆ ಬೇಡ. ಗುಂಡಿಗೆ ತಲೆ ಯಾವುದು, ಕಾಲು ಯಾವುದು? ಒಂದೊಂದು ಕಾಳಿನ ಚಲನೆಯನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುವ ಈ ಇಡೀ ವಿಧಾನಕ್ಕೆ ತಳಹದಿಯಾದ ಕುಂಡಾಲ್ ಮತ್ತು ಸ್ಟ್ರ್ಯಾಕ್ ಅವರ 1979ರ ಪ್ರಬಂಧದಲ್ಲೂ ಇದ್ದದ್ದು ಚಪ್ಪಟೆ ವೃತ್ತಗಳೇ, ಅಲ್ಲಿ ಈ ತಲೆನೋವೇ ಇರಲಿಲ್ಲ. ಭತ್ತ, ಗೋಧಿ, ಜೀರಿಗೆ, ಉದ್ದನೆಯ ಮಾತ್ರೆ, ಸೂರ್ಯಕಾಂತಿ ಬೀಜ ಆದರೆ ಮುಂದೆ ಓದಿ.

ಹಾಪರ್ ಬಾಯಿಯಿಂದ ನಿಮಿಷಕ್ಕೆ ಎಷ್ಟು ಇಳಿಯುತ್ತದೆ ಅನ್ನುವ ಅಂಕಿ ಹೆಚ್ಚು ಕದಲುವುದಿಲ್ಲ. ಉದ್ದನೆಯ ಕಾಳುಗಳು ಒಂದರ ಮೇಲೊಂದು ಜಾರುತ್ತಾ ಹರಿಯತೊಡಗಿದರೆ ತಾವಾಗಿಯೇ ಹರಿವಿನ ಕಡೆ ತಿರುಗಿಕೊಳ್ಳುತ್ತವೆ. ಹೇಗೆ ಬಿದ್ದಿದ್ದವು ಅನ್ನುವುದನ್ನು ಬೇಗ ಮರೆಯುತ್ತವೆ. ಮರೆಯದೇ ಇರುವುದು ಅಲುಗಾಡದೆ ಕೂತ ಕಾಳು. ಹಾಗಾಗಿ ಮೂರು ಕಡೆ ಹಳೇ ಲೆಕ್ಕವನ್ನು ನಂಬಬೇಡಿ: ತೊಟ್ಟಿ ಎಷ್ಟು ಎತ್ತರ ತುಂಬುತ್ತದೆ, ಗೇಟು ತೆಗೆದ ಮೊದಲ ಕೆಲವು ಸೆಕೆಂಡು ಏನಾಗುತ್ತದೆ, ಮೂಲೆಯಲ್ಲಿ ಎಷ್ಟು ಕಾಳು ಸಿಕ್ಕಿಕೊಂಡು ಉಳಿಯುತ್ತದೆ. ಕಾಳಿನ ಆಕಾರ, ಕೂರುವ ಭಂಗಿಯಿಂದ ಎಷ್ಟು ಫರಕು ಬೀಳುತ್ತದೆ ಅಂತ ಅನುಮಾನ ಇದ್ದರೆ ಒಂದು ಉದಾಹರಣೆ. ಗುಂಡುಗಳನ್ನು ಡಬ್ಬಿಗೆ ಸುರಿದು ಚೆನ್ನಾಗಿ ಕುಲುಕಿದರೂ ಡಬ್ಬಿಯ ಸುಮಾರು 64 ಪಾಲು ಮಾತ್ರ ತುಂಬುತ್ತದೆ, ನೂರಕ್ಕೆ. 2004ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನವರು ಎಂ ಅಂಡ್ ಎಂ ಚಾಕೊಲೇಟ್ ಬಿಲ್ಲೆಗಳನ್ನು ಸುರಿದು ನೋಡಿದಾಗ 68ರಿಂದ 71 ಸಿಕ್ಕಿತ್ತು.

ಕಳೆದ ಎರಡು ವರ್ಷದಲ್ಲಿ ಉದ್ದನೆಯ ಅಥವಾ ಚಪ್ಪಟೆ ಕಾಳಿನ ಕೆಲಸ ಕೊಟ್ಟ ಎಲ್ಲರಿಗೂ ಬಿಟ್ಟಿಯಾಗಿ ಮತ್ತೆ ಓಡಿಸಿ ಕೊಡುತ್ತೇವೆ. ದಿಕ್ಕು ಗೊತ್ತು ಮಾಡಿದ್ದ ಕೆಲಸಗಳನ್ನು ನೀವು ಕೇಳುವ ಮೊದಲೇ ಶುರು ಮಾಡಿದ್ದೇವೆ, ಸಾರ್ಟರ್ ಮತ್ತು ಬೀಜ ಬಿತ್ತುವ ಯಂತ್ರದವರದು ಮೊದಲು.

ಹೊಸ ಕೆಲಸಗಳಿಗೆ ದರ ಅದೇ, ಆದರೆ ಎರಡು ದಿನ ಜಾಸ್ತಿ ಹಿಡಿಯುತ್ತದೆ. ಎತ್ತೆತ್ತಲೋ ತಿರುಗಿದ ಕಾಳುಗಳನ್ನು ಒಂದಕ್ಕೊಂದು ತಾಗದ ಹಾಗೆ ಜಾಗ ಹುಡುಕಿ ಇಡುವುದು ಕಂಪ್ಯೂಟರಿಗೂ ಕಷ್ಟ. ಬಸ್ಸಿನಲ್ಲಿ ನಿಂತವರನ್ನು ತುಂಬಿದ ಹಾಗೆ ಮಲಗಿದವರನ್ನು ತುಂಬಲು ಆಗುತ್ತದಾ? ಜೊತೆಗೆ ಪ್ರತಿ ಕೆಲಸವನ್ನೂ ಬೇರೆ ಬೇರೆ ಚೀಟಿ ಎತ್ತಿ ಮೂರು ಸಲ ಓಡಿಸುತ್ತೇವೆ. ಮೂರೂ ಫಲಿತಾಂಶ ರಿಪೋರ್ಟಿನಲ್ಲಿ ಇರುತ್ತದೆ, ಬರೀ ಸರಾಸರಿ ಅಲ್ಲ.

ಆರ್ಡರ್ ಫಾರಂನಲ್ಲಿದ್ದ ಮೂರು ಕೋನದ ಖಾನೆಗಳೂ ಹೋದವು. ನಿಜ ಹೇಳಬೇಕೆಂದರೆ ಅದನ್ನು ಯಾರೂ ತುಂಬುತ್ತಿರಲಿಲ್ಲ, ನಾವೇ ಫೋನಿನಲ್ಲಿ ಕೇಳಿ ತುಂಬುತ್ತಿದ್ದೆವು. ಈಗ ಒಂದೇ ಪ್ರಶ್ನೆ: ಕಾಳು ಹೇಗೆ ಬರುತ್ತದೆ? ಎತ್ತೆತ್ತಲೋ ತಿರುಗಿಕೊಂಡು ಬರುತ್ತದಾ, ಒಂದೇ ಕಡೆ ಮುಖ ಮಾಡಿ ಬರುತ್ತದಾ, ಅಥವಾ ಒಂದು ಕಡೆ ಮುಖ ಮಾಡಿದ್ದರೂ ಆಚೀಚೆ ಒಂದಿಷ್ಟು ವಾಲಿ ಬರುತ್ತದಾ? ನಡುಗಿಸಿ ಕಾಳು ಮುಂದೆ ಸಾಗಿಸುವ ವೈಬ್ರೇಟರ್ ಫೀಡರ್ ಇದ್ದವರು ಮೂರನೆಯದಕ್ಕೆ ಟಿಕ್ ಹಾಕಿ. ಎಷ್ಟು ಡಿಗ್ರಿ ಅಂತ ನೀವು ಅಳೆಯುವುದು ಬೇಡ. ಕಾಳು ಬೀಳುವ ಜಾಗದ ಪಕ್ಕ ಒಂದು ಸ್ಕೇಲ್ ಹಿಡಿದು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹತ್ತು ಸೆಕೆಂಡಿನ ವಿಡಿಯೋ ತೆಗೆದು ವಾಟ್ಸಾಪ್ ಮಾಡಿ. ಹಿಂದಿನಿಂದ ಬೆಳಕು ಬೀಳುತ್ತಿದ್ದರೆ ಕಾಳು ಸ್ಪಷ್ಟವಾಗಿ ಕಾಣುತ್ತದೆ.

ಗಂಗಾವತಿಯವರ ಹಾಪರ್ ಲೆಕ್ಕ ಮತ್ತೆ ಮಾಡಿ ಕಳಿಸಿದ್ದೇವೆ. ಭತ್ತ ಈಗ ಮಲಗಿದೆಯಂತೆ. ಬಾಯಿಯ ಹತ್ತಿರದ ತಗಡನ್ನು ಇನ್ನೊಂದು ಸಲ ನೋಡಿ ಅಂತ ಹೊಸ ಪಟ್ಟಿ ಕೊಟ್ಟಿದ್ದಾರೆ.

ಇಂತಿ ನಿಮ್ಮ,
ಸಿಮ್ಯುಲೇಶನ್ ಮಾಡುವ ನಾವು ನಾಲ್ಕು ಜನ