ಸೋಮವಾರದಿಂದ ನಮ್ಮ ಗಾಡಿ ಬೇರೆ, ಬರೋ ಟೈಮೂ ಬೇರೆ

ನಮ್ಮ ಎಲ್ಲಾ ಅಕ್ಕಂದಿರಿಗೆ, ಅಣ್ಣಂದಿರಿಗೆ ನಮಸ್ಕಾರ.

ಮುಂದಿನ ಸೋಮವಾರದಿಂದ ನಿಮ್ಮ ಮನೆಗೆ ಖಡಕ್ ರೊಟ್ಟಿ, ಗಾಣದೆಣ್ಣೆ, ಚಟ್ನಿಪುಡಿ ತರ್ತಿದ್ದ ನಮ್ಮ ಎರಡೂ ಪೆಟ್ರೋಲ್ ಲಗೇಜ್ ಆಟೋ ನಿಲ್ತಾವೆ. ಅದರ ಬದ್ಲು ಎರಡು ಕರೆಂಟ್ ಗಾಡಿ, ಹಳೇ ಪೇಟೆ ಒಳಗಡೆಗೆ ಎರಡು ಸೈಕಲ್. ರೇಟ್ ಜಾಸ್ತಿ ಮಾಡ್ತಿಲ್ಲ, ಡೆಲಿವರಿ ಚಾರ್ಜೂ ಮೊದಲು ಎಷ್ಟಿತ್ತೋ ಅಷ್ಟೇ. ಆದ್ರೆ ಟೈಮ್ ಬದಲಾಗುತ್ತೆ, ಮತ್ತೆ 'ಈಗ್ಲೇ ಕಳಿಸಿ' ಅನ್ನೋ ಆರ್ಡರ್ ಇನ್ಮೇಲೆ ತಗೊಳೋಕಾಗಲ್ಲ. ಇದರಿಂದ ನಿಮ್ಮಲ್ಲಿ ಕೆಲವರಿಗೆ ತೊಂದ್ರೆ ಆಗುತ್ತೆ ಅಂತ ಗೊತ್ತು, ಅದಕ್ಕೇ ಎರಡು ಸಾಲು ಮೆಸೇಜ್ ಹಾಕಿ ಸುಮ್ಮನಾಗೋದು ಬೇಡ, ಯಾಕೆ ಏನು ಅಂತ ಪೂರ್ತಿ ಹೇಳೋಣ ಅಂತ ನಮ್ಮ ಸಂಘದ ಎಲ್ಲರ ಪರವಾಗಿ ನಾನು ಕೂತು ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಇದ್ದಾಗ ಓದಿ.

ಇದು ಶುರು ಆಗಿದ್ದು ಒಂದು ಬಟ್ಟೆಯಿಂದ. ರೊಟ್ಟಿ ಬುಟ್ಟಿ ಮೇಲೆ ನಾವು ಬಿಳೀ ಪಂಚೆ ಬಟ್ಟೆ ಹೊದಿಸ್ತೀವಿ, ನೀವೂ ನೋಡಿರ್ತೀರಾ. ದಿನಾ ಸಂಜೆ ಅದನ್ನ ಒಗೆಯೋದು ನಮ್ಮಲ್ಲಿ ಒಬ್ಬ ಅಕ್ಕನ ಕೆಲಸ. ಹೋದ ಬೇಸಿಗೇಲಿ ಒಂದಿನ ಅವರು ಬಕೆಟ್ ಹಿಡ್ಕೊಂಡು ನನ್ನ ಹತ್ರ ಬಂದು, ಇದನ್ನ ಸ್ವಲ್ಪ ನೋಡಮ್ಮ ಅಂದ್ರು. ಬಟ್ಟೇಲಿದ್ದ ಕೆಂಪು ಧೂಳು ನೀರಿಗೆ ಹಾಕಿದ ತಕ್ಷಣ ಬಿಟ್ಕೊಂಡಿತ್ತು, ಆದ್ರೆ ಅಂಚಿನ ಉದ್ದಕ್ಕೂ ಒಂದು ಕರೀ ಗೆರೆ ಹಂಗೇ ಕೂತಿತ್ತು, ಎರಡು ಸಲ ಸೋಪ್ ಹಾಕಿ ಉಜ್ಜಿದ್ರೂ ಹೋಗಿಲ್ಲ, ಬೆರಳಿಗೆ ಹಚ್ಕೊಂಡು ನೋಡಿದ್ರೆ ಜಿಡ್ಡು ಜಿಡ್ಡು, ದೀಪದ ಮಸಿ ಇದ್ದಂಗೆ. 'ಬಟ್ಟೆ ಮೇಲೆ ಇಷ್ಟು ಕೂತೈತಿ ಅಂದ್ರೆ ಗಾಡಿ ಓಡಿಸೋರ ಎದೆ ಒಳಗೆ ಎಷ್ಟು ಕೂತಿರಬೇಕು' ಅಂದ್ರು ಆ ಅಕ್ಕ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ, ನಿಜ ಹೇಳ್ತೀನಿ.

ಆ ಮಸಿ ಎಲ್ಲಾ ನಮ್ಮ ಆಟೋದ್ದೇ ಅಂತಲ್ಲ. ಅದರಲ್ಲಿ ಡೀಸೆಲ್ ಲಾರಿ, ಬಸ್ಸಿಂದು ಜಾಸ್ತಿ ಇರುತ್ತೆ. ಆದ್ರೆ ನಮ್ಮ ದಾವಣಗೆರೆಯ ಗಾಂಧಿ ಸರ್ಕಲ್ಲಲ್ಲಿ, ಜಯದೇವ ಸರ್ಕಲ್ಲಲ್ಲಿ ಅವರ ಹೊಗೆ ನಾವು ಕುಡಿಯೋ ಹಂಗೇ ನಮ್ಮ ಹೊಗೆ ಹಿಂದೆ ಸ್ಕೂಟರಲ್ಲಿ ಮಗು ಕೂರಿಸ್ಕೊಂಡು ನಿಂತಿರೋ ತಾಯಿ ಕುಡೀತಾಳೆ. ನಮ್ಮ ಗಾಡೀಲಿ ಒಂದು 2020ರ ಏಪ್ರಿಲ್‌ನಲ್ಲಿ ಗಾಡಿ ಹೊಗೆಗೆ ಮಿತಿ ಹಾಕೋ ಬಿಎಸ್ 6 ನಿಯಮ ಬರೋಕೆ ಮುಂಚಿಂದು, ಹಳೇದು. ಅದೂ ಅಲ್ದೆ ಡೆಲಿವರಿ ಗಾಡಿ ಅಂದ್ರೆ ಓಡೋದಕ್ಕಿಂತ ನಿಲ್ಲೋದೇ ಹೆಚ್ಚು. ಪ್ರತಿ ಗೇಟ್ ಮುಂದೆ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡೋದು ರಗಳೆ ಅಂತ ಇಂಜಿನ್ ಹಂಗೇ ಬಿಟ್ಟು ಇಳೀತಿದ್ವಿ. ದಿನಕ್ಕೆ ಅರವತ್ತು ಎಪ್ಪತ್ತು ಮನೆ. ಅಂದ್ರೆ ನಿಮ್ಮ ರಂಗೋಲಿ ಮುಂದೆ, ನಿಮ್ಮ ಅಡುಗೆಮನೆ ಕಿಟಕಿ ಕೆಳಗೆ ನಿಂತು ಹೊಗೆ ಬಿಟ್ಟು ಬಂದಿದೀವಿ. ನಿಂತ ಗಾಡೀಲಿ ಸುಡೋ ಪೆಟ್ರೋಲ್ ಒಂದು ಅಡಿನೂ ಮುಂದೆ ತಗೊಂಡು ಹೋಗಲ್ಲ, ಓಡೋ ಗಾಡೀಲೂ ಒಂದು ಲೀಟರಲ್ಲಿ ಇರೋ ಶಕ್ತೀಲಿ ಹೆಚ್ಚು ಕಡಿಮೆ ಕಾಲು ಭಾಗ ಮಾತ್ರ ಚಕ್ರಕ್ಕೆ ಸಿಗೋದು, ಉಳಿದಿದ್ದೆಲ್ಲಾ ಬಿಸಿಯಾಗಿ ಗಾಳಿಗೆ. ಕರೆಂಟ್ ಮೋಟರಲ್ಲಿ ನೂರಕ್ಕೆ ಎಂಬತ್ತರ ಮೇಲೆ ಚಕ್ರಕ್ಕೆ ಹೋಗುತ್ತೆ, ಗಾಡಿ ನಿಂತ್ರೆ ಮೋಟರೂ ನಿಂತಿರುತ್ತೆ.

ನಮ್ಮ ಊರಲ್ಲಿ ಹೊಗೆ ಅಂದ ತಕ್ಷಣ ಎಲ್ಲರೂ ಮಂಡಕ್ಕಿ ಭಟ್ಟಿ ಕಡೆ ಬೆರಳು ತೋರಿಸ್ತೀವಿ. ಅದೂ ಇದೆ, ಇಲ್ಲ ಅನ್ನಲ್ಲ. ಆದ್ರೆ 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡ್ತಲ್ಲ, ಗಾಳಿ ಕೆಟ್ಟಿರೋ ಊರುಗಳ ಆ ಪಟ್ಟೀಲಿ ನಮ್ಮ ರಾಜ್ಯದ್ದು ನಾಲ್ಕೇ ನಾಲ್ಕು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಆಮೇಲೆ ನಮ್ಮ ದಾವಣಗೆರೆ. ಮೈಸೂರು ಇಲ್ಲ, ಮಂಗಳೂರು ಇಲ್ಲ, ನಾವಿದೀವಿ. ಬೆಣ್ಣೆ ದೋಸೆ ಊರು ಅಂತ ಹೆಮ್ಮೆಯಿಂದ ಹೇಳ್ಕೊಳೋ ನಮಗೆ ಇದು ಗೊತ್ತಾದಾಗ ಬಹಳ ಬೇಜಾರಾಯ್ತು. ಗಾಳೀಲಿರೋ ಪಿಎಂ 10 ಅನ್ನೋ ಧೂಳು ವರ್ಷದ ಸರಾಸರೀಲಿ ಒಂದು ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು ಅಂತ ನಮ್ಮ ದೇಶದ ನಿಯಮ. ರಸ್ತೆ ಧೂಳು, ಕಟ್ಟಡದ ಧೂಳು ಅದರಲ್ಲಿ ಬಹಳ ಇರುತ್ತೆ, ಅದು ಮೋಡದಂಗೆ ಎದ್ದಾಗ ಕಣ್ಣಿಗೆ ಕಾಣುತ್ತೆ, ಮೂಗಲ್ಲೂ ಅಷ್ಟಿಷ್ಟು ತಡೆಯುತ್ತೆ. ಇಂಜಿನ್ ಹೊಗೇದು ಪಿಎಂ 2.5, ಒಂದು ಕೂದಲಿನ ದಪ್ಪದಲ್ಲಿ ಮೂವತ್ತನೇ ಒಂದು ಭಾಗ ಅಂದ್ಕೊಳ್ಳಿ, ಅದು ಮೂಗಲ್ಲಿ ನಿಲ್ಲಲ್ಲ, ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತೆ. ಜೊತೆಗೆ ಕಾರ್ಬನ್ ಮೋನಾಕ್ಸೈಡ್, ಬಣ್ಣ ಇಲ್ಲ ವಾಸನೆ ಇಲ್ಲ, ರಕ್ತದಲ್ಲಿ ಆಮ್ಲಜನಕ ಕೂರೋ ಜಾಗದಲ್ಲಿ ಅದು ಹೋಗಿ ಕೂತ್ಕೊಳುತ್ತೆ. ನಮ್ಮ ಗಾಡಿ ಓಡಿಸೋ ಅಣ್ಣ ದಿನಾ ಸಂಜೆ ತಲೆ ಹಿಡ್ಕೊಂಡಂಗಾಗುತ್ತೆ ಅಂತಿದ್ರು, ನಾವು ಬಿಸಿಲಿಗೆ ಅಂತ ಮಜ್ಜಿಗೆ ಕೊಟ್ಟು ಕಳಿಸ್ತಿದ್ವಿ. ಬಿಸಿಲೂ ಇರಬಹುದು. ಆದ್ರೆ ಹೊಗೆ ಮಧ್ಯ ದಿನಕ್ಕೆ ಏಳು ಗಂಟೆ ಇರೋ ಮನುಷ್ಯನ್ನ ಮಜ್ಜಿಗೆ ಕೊಟ್ಟು ಸಮಾಧಾನ ಮಾಡಿದ್ದು ತಪ್ಪು ಅಂತ ಈಗ ಅನ್ಸುತ್ತೆ.

ಆಮೇಲೆ ಲೆಕ್ಕದ ಬುಕ್ ತೆಗೆದು ನೋಡಿದ್ವಿ. ಎರಡೂ ಗಾಡಿ ಸೇರಿ ದಿನಕ್ಕೆ 9 ಲೀಟರ್ ಪೆಟ್ರೋಲ್. ಒಂದು ಲೀಟರ್ ಸುಟ್ರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಲೀಟರ್ ಪೆಟ್ರೋಲ್ ತೂಕನೇ ಮುಕ್ಕಾಲು ಕೆಜಿ, ಅದರಿಂದ ಎರಡೂ ಕಾಲು ಕೆಜಿ ಹೆಂಗೆ ಬರುತ್ತೆ ಅಂತ ನಮ್ಮ ಸಂಘದಲ್ಲೇ ಜಗಳ ಆಯ್ತು. ಪೆಟ್ರೋಲಲ್ಲಿರೋ ಕಾರ್ಬನ್ನು ಸುಡುವಾಗ ಗಾಳಿಯಿಂದ ಆಮ್ಲಜನಕ ಎಳ್ಕೊಂಡು ಸೇರಿಸ್ಕೊಳುತ್ತೆ, ಅದಕ್ಕೇ ತೂಕ ಏರುತ್ತೆ. ಹಂಗೆ ದಿನಕ್ಕೆ 20 ಕೆಜಿ, ತಿಂಗಳಿಗೆ ಅರ್ಧ ಟನ್ ಮೇಲೆ. ರೊಟ್ಟಿ ಹಂಚೋಕೆ!

ಏನು ಮಾಡಬಹುದು ಅಂತ ಎಲ್ಲಾ ಕಡೆ ವಿಚಾರಿಸಿದ್ವಿ. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲೇ 20 ಪರ್ಸೆಂಟ್ ಎಥೆನಾಲ್ ಇರುತ್ತಲ್ಲ ಅಂದ್ರು ಕೆಲವರು. ಹೌದು, ಕಬ್ಬಿಂದ, ನಮ್ಮ ಜಿಲ್ಲೇಲಿ ರಾಶಿ ರಾಶಿ ಬೆಳೆಯೋ ಮೆಕ್ಕೆಜೋಳದಿಂದನೂ ಅದನ್ನ ಮಾಡ್ತಾರೆ, ರೈತರಿಗೆ ರೇಟ್ ಸಿಕ್ರೆ ಸಂತೋಷನೇ. ಆದ್ರೆ ಎಥೆನಾಲಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ, ಮೈಲೇಜ್ ಸ್ವಲ್ಪ ಇಳಿಯುತ್ತೆ, ಗೇಟ್ ಮುಂದೆ ಹೊಗೆ ಬರೋದಂತೂ ತಪ್ಪಲ್ಲ. ಸಿಎನ್‌ಜಿ ನೋಡಿದ್ವಿ, ಹೊಗೆ ಪೆಟ್ರೋಲಿಗಿಂತ ಚೊಕ್ಕ, ಸುಳ್ಳಲ್ಲ. ಆದ್ರೆ ಅದು ಮೀಥೇನ್, ಲೀಕ್ ಆದ್ರೆ 20 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ 80 ಪಟ್ಟು ಭೂಮಿ ಬಿಸಿ ಮಾಡುತ್ತೆ. ದೂರ ಓಡೋರಿಗೆ ಅದು ಸರಿ ಇರಬಹುದು, ಊರೊಳಗೆ ಅರವತ್ತು ಕಿಲೋಮೀಟರ್ ಓಡೋ ನಮಗೆ ಕರೆಂಟ್ ಗಾಡಿನೇ ಹೊಂದೋದು ಅಂತ ತೀರ್ಮಾನ ಮಾಡಿದ್ವಿ.

'ಕರೆಂಟೂ ಕಲ್ಲಿದ್ದಲು ಸುಟ್ಟೇ ಬರೋದಲ್ವಾ' ಅಂತ ವಿದ್ಯಾನಗರದ ಒಬ್ಬ ಮೇಷ್ಟ್ರು ಕೇಳಿದ್ರು, ಸರಿಯಾದ ಪ್ರಶ್ನೆ. ರಾಯಚೂರು, ಬಳ್ಳಾರಿ ಕಡೆ ಸುಡ್ತಾರೆ. ನಮ್ಮ ಪಕ್ಕದ ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿ ಫ್ಯಾನೂ ತಿರುಗ್ತಾವೆ, ಪಾವಗಡದಲ್ಲಿ ಸೋಲಾರೂ ಇದೆ, ಎಲ್ಲಾ ಸೇರಿನೇ ಬೆಸ್ಕಾಂ ತಂತೀಲಿ ಬರೋದು. ಕಲ್ಲಿದ್ದಲಿಂದ ಬಂದ ಒಂದು ಯೂನಿಟ್‌ಗೆ ಸುಮಾರು 1 ಕೆಜಿ ಕಾರ್ಬನ್ ಡೈಆಕ್ಸೈಡ್. ನಮ್ಮ ಎರಡು ಗಾಡಿಗೆ ದಿನಕ್ಕೆ 14 ಯೂನಿಟ್ ಬೇಕು, ಅಷ್ಟೂ ಕಲ್ಲಿದ್ದಲಿಂದೇ ಬಂತು ಅಂದ್ರೂ 14 ಕೆಜಿ, ಮೊದಲು 20 ಇತ್ತು. ಇಷ್ಟಕ್ಕೇ ಬಿಟ್ರೆ ಉಳಿತಾಯ ಜಾಸ್ತಿ ಏನಲ್ಲ, ಅದಕ್ಕೇ ಗಾಣದ ಶೆಡ್ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೀವಿ. ಬಿಸಿಲು ಚೆನ್ನಾಗಿದ್ದ ದಿನ 12 ಯೂನಿಟ್ ಅದರಿಂದಲೇ ಬರುತ್ತೆ, ಮಳೆಗಾಲದಲ್ಲಿ ಮೋಡ ಕವಿದ ದಿನ ಅರ್ಧನೂ ಬರಲ್ಲ, ಆಗ ತಂತಿ ಕರೆಂಟೇ ಗತಿ. ಬ್ಯಾಟರಿ ಹಳೇದಾದ ಮೇಲೆ ಎಲ್ಲಿ ಬಿಸಾಕ್ತೀರಾ ಅಂತ ಕೇಳೋರಿಗೂ ಹೇಳ್ಬಿಡ್ತೀನಿ, 2022ರ ನಿಯಮದ ಪ್ರಕಾರ ಬ್ಯಾಟರಿ ಮಾಡಿದೋರೇ ಅದನ್ನ ವಾಪಸ್ ತಗೊಂಡು ರೀಸೈಕಲ್ ಮಾಡಿಸಬೇಕು, ಬಿಲ್, ನಂಬರ್ ಎಲ್ಲಾ ಫೈಲಲ್ಲಿ ಇಟ್ಟಿದೀವಿ.

ಈ ಸೋಲಾರ್ ಕಾರಣಕ್ಕೇ ಟೈಮ್ ಬದಲಾಗ್ತಿರೋದು. ಬಿಸಿಲು ಜೋರಾಗಿರೋ ಹನ್ನೊಂದರಿಂದ ಮೂರು ಗಂಟೆ ತನಕ ಗಾಡಿ ಶೆಡ್ಡಲ್ಲೇ ಇದ್ದು ಚಾರ್ಜ್ ಆಗಬೇಕು. ಹಂಗಾಗಿ ಬೆಳಗ್ಗೆ ಆರೂವರೆಯಿಂದ ಹತ್ತೂವರೆ, ಸಂಜೆ ನಾಲ್ಕರಿಂದ ಏಳೂವರೆ, ಇಷ್ಟರಲ್ಲೇ ಬರ್ತೀವಿ. ಮಧ್ಯಾಹ್ನ ಊಟದ ಹೊತ್ತಿಗೆ ಬಿಸಿ ರೊಟ್ಟಿ ತರಿಸ್ಕೊಳ್ತಿದ್ದ ಆಫೀಸಿನವರಿಗೆ ಇದು ಕಷ್ಟ, ದಯವಿಟ್ಟು ಕ್ಷಮಿಸಿ, ನಿಮಗೆ ಬೆಳಗ್ಗೆ ಕೊನೇ ಟ್ರಿಪ್ಪಲ್ಲಿ ಡಬ್ಬಿ ಕಟ್ಟಿ ಕೊಡ್ತೀವಿ. ಆರ್ಡರ್ ಹಿಂದಿನ ದಿನ ರಾತ್ರಿ ಎಂಟರ ಒಳಗೆ ಹೇಳ್ಬೇಕು. ಸೋಮವಾರ, ಗುರುವಾರ ವಿದ್ಯಾನಗರ, ಶಾಮನೂರು, ಎಸ್.ಎಸ್. ಬಡಾವಣೆ ಕಡೆ, ಮಂಗಳವಾರ, ಶುಕ್ರವಾರ ನಿಟ್ಟುವಳ್ಳಿ, ಕೆ.ಟಿ.ಜೆ. ನಗರ, ಪಿ.ಜೆ. ಬಡಾವಣೆ, ಬುಧವಾರ, ಶನಿವಾರ ಉಳಿದ ಕಡೆ. ಚೌಕಿಪೇಟೆ, ಮಂಡಿಪೇಟೆ ಒಳಗೆ ದಿನಾ ಸೈಕಲ್ ಬರುತ್ತೆ, ಆ ಸಂದೀಲಿ ಆಟೋ ಸಿಕ್ಕಾಕ್ಕೊಂಡು ನಿಲ್ಲೋದಕ್ಕಿಂತ ಸೈಕಲ್ಲೇ ಬೇಗ ಅಂತ ಟ್ರೈ ಮಾಡಿ ನೋಡಿದೀವಿ. ಹರಿಹರದವರಿಗೆ ಭಾನುವಾರ ಬೆಳಗ್ಗೆ ಒಂದೇ ಸಲ, ಎಲ್ಲರದ್ದೂ ಒಟ್ಟಿಗೆ.

ಈ 'ಒಟ್ಟಿಗೆ' ಅನ್ನೋದಕ್ಕೇ ನಾನು ಹೆಚ್ಚು ಒತ್ತು ಕೊಟ್ಟು ಹೇಳ್ಬೇಕು. ಗಾಡಿ ಬದಲಾಯಿಸಿದ್ರೂ ಟೈರ್ ಸವೆಯೋದು, ರಸ್ತೆ ಧೂಳು ಏಳೋದು ನಿಲ್ಲಲ್ಲ. ಮೊದಲು ಎಷ್ಟೋ ದಿನ ಅರ್ಧ ಕೆಜಿ ಗುರೆಳ್ಳು ಚಟ್ನಿಪುಡಿಗೆ ಅಂತ ಶಾಮನೂರಿಗೆ ಹೋಗಿ ಬಂದು, ಮತ್ತೆ ಒಂದು ಗಂಟೆ ಬಿಟ್ಟು ಅದೇ ಬೀದಿಗೆ ಒಂದು ಲೀಟರ್ ಶೇಂಗಾ ಎಣ್ಣೆ ತಗೊಂಡು ಹೋಗಿದ್ದಿದೆ. ಬಡಾವಣೆ ಲೆಕ್ಕದಲ್ಲಿ ಹೋದ್ರೆ ದಿನಕ್ಕೆ 160 ಕಿಲೋಮೀಟರ್ ಓಡ್ತಿದ್ದದ್ದು 120ಕ್ಕೆ ಇಳಿಯುತ್ತೆ. ನೀವು ಹಿಂದಿನ ದಿನವೇ ಹೇಳಿದ್ರೆ ಆ 40 ಕಿಲೋಮೀಟರ್ ಉಳಿಸಿದ್ದು ನೀವೇ.

ಇನ್ನೊಂದು ವಿಷಯ, ಮುಚ್ಚಿಡೋದು ಸರಿಯಲ್ಲ. ಮೊದಲ ಕರೆಂಟ್ ಗಾಡಿ ತಗೊಂಡಾಗ ಮಾರಿದೋರು ಒಂದು ಚಾರ್ಜಿಗೆ 120 ಕಿಲೋಮೀಟರ್ ಅಂದಿದ್ರು. ಖಾಲಿ ಗಾಡಿಗೆ, ಸಮತಟ್ಟು ರಸ್ತೇಲಿ ಬರುತ್ತೋ ಏನೋ, ನಾಲ್ಕು ಕ್ವಿಂಟಾಲ್ ಲೋಡ್ ಹಾಕಿದ್ರೆ 70 ಬಂದ್ರೆ ಹೆಚ್ಚು. ಅದು ನಮಗೆ ತಿಳಿದಿದ್ದು ಬಾತಿ ಹತ್ರ ಗಾಡಿ ನಿಂತಾಗ. ಅವತ್ತು ಒಬ್ಬರ ಮನೇಲಿ ಗೃಹಪ್ರವೇಶ, ಇನ್ನೂರು ರೊಟ್ಟಿ ಸಂಜೆ ಆರಕ್ಕೆ ಕೊಡ್ಬೇಕಿತ್ತು, ಬೇರೆ ಗಾಡಿ ಹುಡುಕಿ ತಲುಪಿಸೋ ಹೊತ್ತಿಗೆ ರಾತ್ರಿ ಒಂಬತ್ತೂವರೆ, ಅರ್ಧ ಜನ ಊಟ ಮುಗಿಸಿ ಹೋಗಿದ್ರು. ಆ ಮನೆಯವರು ಬೈಲಿಲ್ಲ, ಅದೇ ನಮಗೆ ಇನ್ನೂ ನೋವು. ದುಡ್ಡು ವಾಪಸ್ ಕೊಟ್ವಿ, ಆದ್ರೆ ಆ ಹೊತ್ತು ವಾಪಸ್ ಕೊಡೋಕೆ ಆಗಲ್ಲ. ಈಗ ಒಂದು ಗಾಡಿಗೆ ದಿನಕ್ಕೆ 60 ಕಿಲೋಮೀಟರ್ ಮೀರಿ ರೂಟ್ ಹಾಕಲ್ಲ, ಮದುವೆ, ಗೃಹಪ್ರವೇಶದ ಆರ್ಡರ್ ಇದ್ರೆ ಎರಡನೇ ಗಾಡಿ ಫುಲ್ ಚಾರ್ಜಲ್ಲಿ ಶೆಡ್ಡಲ್ಲಿ ರೆಡಿ ಇರುತ್ತೆ.

ಎಣ್ಣೆ ತಗೊಳೋರು ಸೋಮವಾರದಿಂದ ಪ್ಲಾಸ್ಟಿಕ್ ಬಾಟಲಿ ಬದ್ಲು ನಮ್ಮ ಸ್ಟೀಲ್ ಕ್ಯಾನೇ ಇಟ್ಕೊಳ್ಳಿ, ಖಾಲಿ ಆದ್ಮೇಲೆ ತೊಳೆದು ಒಣಗಿಸಿ ಗೇಟ್ ಹತ್ರ ಇಟ್ರೆ ನಾವು ಬಂದಾಗ ತುಂಬಿದ್ದು ಕೊಟ್ಟು ಅದನ್ನ ತಗೊಂಡು ಹೋಗ್ತೀವಿ. ಒದ್ದೆ ಕ್ಯಾನ್ ಮಾತ್ರ ಕೊಡಬೇಡಿ, ನೀರಿನ ಪಸೆ ಇದ್ರೆ ಚಳ್ಳಕೆರೆ ಶೇಂಗಾದ್ದು ಎಷ್ಟೇ ಒಳ್ಳೇ ಎಣ್ಣೆ ಆದ್ರೂ ಬೇಗ ವಾಸನೆ ಬರುತ್ತೆ.

ಕೊನೇದಾಗಿ ಮಕ್ಕಳಿರೋ ಮನೆಯವರಿಗೆ. ಹಳೇ ಆಟೋ ಎರಡು ಬೀದಿ ಆಚೆ ಇರುವಾಗ್ಲೇ ಸದ್ದು ಕೇಳಿ ನೀವು ಡಬ್ಬಿ ಹಿಡ್ಕೊಂಡು ಹೊರಗೆ ಬರ್ತಿದ್ರಿ. ಹೊಸ ಗಾಡಿ ಸದ್ದೇ ಮಾಡಲ್ಲ, ಬಂದಿದ್ದೂ ಗೊತ್ತಾಗಲ್ಲ. ಬೀದೀಲಿ ಆಡೋ ಮಕ್ಕಳಿಗೆ ಒಂದು ಮಾತು ಹೇಳಿಡಿ, ನಾವೂ ಬಡಾವಣೆ ಒಳಗೆ ನಿಧಾನಕ್ಕೇ ಬರ್ತೀವಿ. ಗೇಟ್ ಹತ್ರ ಬಂದು ಸೈಕಲ್ ಬೆಲ್ ಎರಡು ಸಲ ಹೊಡೀತೀವಿ. ಅದು ಕೇಳಿದ್ರೆ ನಾವೇ ಅಂತ ತಿಳ್ಕೊಂಡು ಬನ್ನಿ.